ಕೀಲಿ ನನ್ನ ಹತ್ತಿರ ಇರಬಾರದಂತೆ!

ಎರಡು ವರ್ಷದ ಹಿಂದಿನ ಮಾತು. ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಮುಗಿದು ಮೂರು ದಿನವೂ ಆಗಿರಲಿಲ್ಲ, ಧಾರವಾಡದ ನಮ್ಮ ಕಾಲೇಜಿಗೆ ಅನುದಾನ ಸಮಿತಿಯವರು ಬಂದೇಬಿಟ್ಟರು. ನಾನು ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಹುಬ್ಬಳ್ಳಿ-ಧಾರವಾಡದ ಎಲ್ಲ ಕಾಲೇಜುಗಳ ಸಂಶೋಧಕರೂ ಬಂದು ಬಳಸುವಂಥ ದೊಡ್ಡ ಮೈಕ್ರೋಸ್ಕೋಪು ಬೇಕೆಂದು ಅರ್ಜಿ ಹಾಕಿದವಳು ನಾನೇ. ಅದು ಎರಡು ಸಲ ವಾಪಸು ಬಂದಿತ್ತು. ನನ್ನ ಪಿಎಚ್.ಡಿ. ವಿದ್ಯಾರ್ಥಿನಿ ರೇಣುಕಾ ಅಂಥ ಯಂತ್ರದಲ್ಲಿ ತನ್ನ ಸ್ಲೈಡುಗಳನ್ನು ನೋಡಲು ಕೂಸನ್ನು ಬಿಟ್ಟು ಪುಣೆಯವರೆಗೆ ಹೋಗಬೇಕಾಗಿತ್ತು. ಈ ಸಲವೂ ಸಿಗದಿದ್ದರೆ ಸಂಶೋಧನೆಯನ್ನೇ ಬಿಡುತ್ತೇನೆ ಎಂದಿದ್ದಳು.

ಸಮಿತಿಯ ಅಧ್ಯಕ್ಷರು ಗದಗ ಕಡೆಯ ಹಿರಿಯರು. "ಈಗ ಇರೋ ಮೈಕ್ರೋಸ್ಕೋಪು ಯಾರ್ಯಾರು ಬಳಸ್ತಾರ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಲ್ಯಾಬಿನ ಅಟೆಂಡರ್ ಶಂಕ್ರಪ್ಪ ನನ್ನಿಂದ ಕೀಲಿ ಇಸಿದುಕೊಂಡು ಕಪಾಟು ತೆಗೆದ. ಒಳಗೆ ಮೈಕ್ರೋಸ್ಕೋಪಿಗೆ ನನ್ನ ಹಳೆಯ ಇಳಕಲ್ ಸೀರೆಯಲ್ಲಿ ನಾನೇ ಹೊಲಿದ ಗವಸು, ಅದರ ಮೇಲೆ ಕುಂಕುಮ, ಒಣಗಿದ ಚೆಂಡುಹೂವಿನ ಮಾಲೆ.

"ನೋಡ್ರಿ ಸಾಹೇಬ್ರ, ಒಂಬತ್ತು ವರ್ಷ ಆತು, ಇನ್ನೂ ಹೊಸಾದು ಇದ್ದಂಗ ಐತಿ. ನಮ್ಮ ಮೇಡಂ ಅವ್ರು ಯಾರಿಗೂ ಮುಟ್ಟಾಕ ಕೊಟ್ಟಿಲ್ರಿ!"

ಹಂಚಿಕೊಂಡು ಬಳಸುತ್ತೇವೆ ಎಂದು ನಲವತ್ತು ಪುಟ ಬರೆದಿದ್ದೆ. ಎಲ್ಲವೂ ನೀರಿನಲ್ಲಿ ಹೋಮ! ಶಂಕ್ರಪ್ಪನ ಮೇಲೆ ಕೆಂಡದಂಥ ಸಿಟ್ಟು ಬಂತು. ಆದರೆ ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಯಾಕ ಕೊಡಲಿಲ್ಲ?" ಅಧ್ಯಕ್ಷರು ನನ್ನನ್ನೇ ಕೇಳಿದರು.

"ಇದರ ಹಿಂದಿಂದು ಕೆಟ್ಟು ವರ್ಷಗಟ್ಟಲೆ ಮೂಲ್ಯಾಗ ಕೂತಿತ್ತು ಸರ್. ರಿಪೇರಿಗೆ ಯಾರೂ ರೊಕ್ಕ ಕೊಡಲಿಲ್ಲ. ಆವಾಗಿಂದ ಅಂಜಿಕಿ. ಕೀಲಿ ನನ್ನ ಪರ್ಸಿನ್ಯಾಗ ಇಟ್ಕೊಂಡೇನಿ."

"ಮತ್ತ ಅರ್ಜ್ಯಾಗ ರಿಪೇರಿಗೆ, ಅದನ್ನ ನಡಸಾವ್ರಿಗೆ ಯಾಕ ಏನೂ ಕೇಳಿಲ್ಲ?"

"ಭಾಳ ಕೇಳಿದ್ರ ಮಶೀನೂ ಕೊಡಂಗಿಲ್ಲ ಅಂತ ಸುಮ್ನಾದ್ನಿ" ಎಂದೆ.

ಅವರು ನಕ್ಕರು. "ಬರದದ್ದು ಛಲೋ ಐತ್ರಿ ಮೇಡಂ. ಆದ್ರ ಖರೇ ಅರ್ಜಿ ಈಗ ಹಾಕಿದ್ರಿ ನೋಡ್ರಿ."

ಬೇಸಿಗೆಯಲ್ಲಿ ಮಂಜೂರಾತಿ ಪತ್ರ ಬಂತು. ಯಂತ್ರಕ್ಕಷ್ಟೇ ಅಲ್ಲ, ಐದು ವರ್ಷದ ದುರಸ್ತಿಗೂ, ಅದನ್ನು ನಡೆಸುವ ಒಬ್ಬ ತಂತ್ರಜ್ಞರಿಗೂ ಹಣ ಸಿಕ್ಕಿತ್ತು. ಕೊನೆಯಲ್ಲೊಂದು ಷರತ್ತು: ಕೊಠಡಿಯ ಕೀಲಿಯೂ ಪಾಳಿ ಪುಸ್ತಕವೂ ಅರ್ಜಿದಾರರ ವಶದಲ್ಲಿ ಇರತಕ್ಕದ್ದಲ್ಲ! ಸ್ಟಾಫ್ ರೂಮಿನವರು ವಾರಗಟ್ಟಲೆ ನನ್ನನ್ನು ಕಾಡಿದರು. ಕೀಲಿ ಶಂಕ್ರಪ್ಪನ ಸೊಂಟ ಸೇರಿತು, ಪಾಳಿ ಪುಸ್ತಕ ಅವನ ಕೈ ಸೇರಿತು.

ಯಂತ್ರ ಶುರುವಾದ ಸೋಮವಾರ ಮೊದಲ ಪಾಳಿ ರೇಣುಕಾಳದು. ನಾನು ಬಾಗಿಲಲ್ಲಿ ನಿಂತಿದ್ದೆ. "ಹುಷಾರು" ಎನ್ನುವ ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡೆ. ಒಳಗಿಂದ ಅವಳು ಕೂಗಿದಳು: "ಮೇಡಂ, ಲಗೂ ಬರ್ರಿ! ಎಷ್ಟ್ ಛಂದ ಕಾಣಾಕತ್ತೈತಿ ನೋಡ್ರಿ!"

ಓಡಿದೆ. ಶಂಕ್ರಪ್ಪ ಪುಸ್ತಕ ಅಡ್ಡ ಹಿಡಿದ.

"ನಿಮ್ಮ ಪಾಳಿ ಶುಕ್ರವಾರ ಐತ್ರಿ ಮೇಡಂ. ಈಗ ಹುಬ್ಬಳ್ಳಿಯವ್ರು ಕಾಯಾಕತ್ತಾರ."

ಹೊರಗೆ ಬೆಂಚಿನ ಮೇಲೆ ನಾಲ್ವರು ಸ್ಲೈಡಿನ ಡಬ್ಬಿ ಹಿಡಿದು ಕೂತಿದ್ದರು. ಒಂದು ಕ್ಷಣ ಸಿಟ್ಟು ಬಂತು, ಆಮೇಲೆ ನಗು, ಕಣ್ಣಲ್ಲಿ ನೀರೂ ಬಂತು. ನಾನೂ ಶುಕ್ರವಾರದವರೆಗೆ ಕಾದೆ. ಒಂಬತ್ತು ವರ್ಷ ಊರನ್ನೆಲ್ಲ ಕಾಯಿಸಿದವಳಿಗೆ ನಾಲ್ಕು ದಿನ ಏನು ಮಹಾ!