ಬೆಳೆಯಲೆಂದು ಬಿಟ್ಟ ಬಟ್ಟೆ

ವಿಶ್ವವಿದ್ಯಾಲಯದ ಹಿಂಬಾಗಿಲ ಬೀದಿಯಲ್ಲಿ ಅವರನ್ನು ಎದುರಿಗೆ ಗೌನ್ ಮಾಸ್ಟ್ರು ಅನ್ನುತ್ತಿದ್ದರು, ಬೆನ್ನ ಹಿಂದೆ ಇಸ್ತ್ರಿಪೆಟ್ಟಿಗೆ. ಮುಟ್ಟಿದರೆ ಸುಡುವ ಮನುಷ್ಯ. ತೋಳು ಗಿಡ್ಡವಾಯಿತೆಂದು ಗಿರಾಕಿ ಬಾಯಿ ತೆರೆದರೆ, "ನಿನ್ನ ಕೈ ಉದ್ದ, ಅದಕ್ಕೆ ನಾನೇನು ಮಾಡ್ಲಿ?" ಎಂದು ಕೊರಳಿನ ಟೇಪನ್ನು ಎಳೆದು ಮೇಜಿಗೆ ಎಸೆಯುತ್ತಿದ್ದರು. ಆದರೂ ಘಟಿಕೋತ್ಸವ ಹತ್ತಿರ ಬಂದಾಗ ಪದವಿ ಪಡೆಯುವ ಹುಡುಗರೆಲ್ಲ ಬಾಡಿಗೆ ಗೌನಿಗೆ ಅವರ ಅಂಗಡಿಗೇ ಬರುತ್ತಿದ್ದರು. ಬೇರೆಯವರ ಗೌನು ಹೆಗಲಿನಿಂದ ಜಾರುತ್ತಿತ್ತು, ಇವರದು ಕೂತರೆ ಕೂತಂತೆ.

ಒಂದು ಗೌನನ್ನು ಮಾತ್ರ ಅವರು ಯಾರಿಗೂ ಕೊಡುತ್ತಿರಲಿಲ್ಲ. ಅದು ಕಿಟಕಿ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಮಗಳಿಗೆಂದು ಹೊಲಿದದ್ದು. ಅವಳು ರಸಾಯನಶಾಸ್ತ್ರ ಓದುತ್ತಿದ್ದಳು, ತರಗತಿಗೇ ಮೊದಲು. ಕೊನೆಯ ಪರೀಕ್ಷೆ ಇನ್ನೂ ದೂರವಿರುವಾಗಲೇ ಅಪ್ಪ ಗೌನು ಹೊಲಿದು ಮುಗಿಸಿದ್ದರು, ಅದೂ ಅಳತೆ ತೆಗೆಯದೆ. "ನನ್ನ ಮಗಳ ಅಳತೆ ನನ್ನ ಕಣ್ಣಲ್ಲೇ ಇದೆ" ಅಂದಿದ್ದರು. ಬೆಳೆಯುವ ಮಕ್ಕಳ ಬಟ್ಟೆಗೆ ಬಿಡುವ ಹಾಗೆ ಕೆಳಗಿನ ಅಂಚಿನೊಳಗೆ ಗೇಣಗಲ ಬಟ್ಟೆ ಮಡಚಿಟ್ಟಿದ್ದರು.

"ಅಲ್ಲಾರೀ, ಇಪ್ಪತ್ತು ದಾಟಿದವಳು ಇನ್ನೂ ಬೆಳೀತಾಳಾ?" ಎಂದು ಹೆಂಡತಿ ನಕ್ಕಿದ್ದಳು.

"ಕೈ ಅಭ್ಯಾಸ ಕಣೇ. ಇರ್ಲಿ ಬಿಡು."

ಬೆಳೆಯಲಿಲ್ಲ. ಜ್ವರ ಬಂತು, ವಾರದೊಳಗೆ ಎತ್ತಿಕೊಂಡು ಹೋಯಿತು.

ಮಾಸ್ಟ್ರು ಬಹಳ ಕಾಲ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಆಮೇಲೆ ಒಂದು ದಿನ, ಮಗಳಿಗೆಂದು ಕೂಡಿಟ್ಟಿದ್ದನ್ನೆಲ್ಲ ತೆಗೆದುಕೊಂಡು ವಿಶ್ವವಿದ್ಯಾಲಯದ ಕಚೇರಿಗೆ ಹೋದರು. ಓದು ಅರ್ಧಕ್ಕೆ ನಿಲ್ಲುವ ಮಕ್ಕಳ ಖರ್ಚನ್ನು ಹೊರಗಿನವರು ಹೊರುವ ಏರ್ಪಾಡು ಅಲ್ಲಿತ್ತು. ಅದೇ ವಿಷಯ ಓದುವ, ಕೊನೆಯ ವರ್ಷದ ಒಬ್ಬ ಹುಡುಗಿಯನ್ನು ಕೊಡಿ ಅಂದರು. ಅವಳು ಬಂದು ನಿಮಗೆ ಕೈ ಮುಗಿಯಲಿ ಎಂದು ಗುಮಾಸ್ತ ಹೇಳಿದ್ದಕ್ಕೆ, "ಕೈ ಮುಗಿಸಿಕೊಳ್ಳೋಕೆ ನಾನೇನು ಕಲ್ಲುದೇವರಾ?" ಎಂದು ರೇಗಿ ಎದ್ದು ಬಂದರು.

ಹುಡುಗಿ ತಾನಾಗಿ ಹುಡುಕಿಕೊಂಡು ಬಂದಳು. ಅಪ್ಪ ತೀರಿಕೊಂಡ ಮೇಲೆ ಓದು ಬಿಟ್ಟು ಕೆಲಸಕ್ಕೆ ಸೇರಲು ಹೊರಟಿದ್ದವಳು. ಮಾತು ಕಡಿಮೆ. ರಜೆ ಬಂದರೆ ಅಂಗಡಿಯಲ್ಲಿ ಕೂತು ಗೌನುಗಳಿಗೆ ಕೊಕ್ಕೆ ಹಚ್ಚುತ್ತಿದ್ದಳು. ಮಾಸ್ಟ್ರಿಗೆ ತಿಳಿಯದ ಹಾಗೆ ಒಂದು ದಿನ ಬಾಯಿಗೆ ಬಂದುಬಿಟ್ಟಿತು: "ಪುಟ್ಟಿ, ಕತ್ತರಿ ಕೊಡು." ಮಗಳನ್ನು ಕರೆಯುತ್ತಿದ್ದ ಹೆಸರು ಅದು. ಹುಡುಗಿ ಕತ್ತರಿ ಕೊಟ್ಟಳು. ಅಂಗಡಿಯ ಹಿಂದಿನ ಮನೆಯಲ್ಲಿ ಒಲೆಯ ಮುಂದಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು.

ಕಿರುಪರೀಕ್ಷೆಯಲ್ಲಿ ಹುಡುಗಿ ಹೇಗೋ ದಡ ಸೇರಿದ್ದು ತಿಳಿದಾಗ ಮಾಸ್ಟ್ರ ಪಿತ್ತ ನೆತ್ತಿಗೇರಿತು. ಕೊಟ್ಟ ಮೇಲೆ ಸುಮ್ಮನಿರುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಟೇಪು ಕೊರಳಲ್ಲಿರುವಂತೆಯೇ ಪ್ರಯೋಗಾಲಯಕ್ಕೆ ನುಗ್ಗಿದರು.

"ನೀವು ನೆಟ್ಟಗೆ ಕಲಿಸಿದ್ರೆ ಇವಳ್ಯಾಕೆ ಹಿಂದೆ ಬೀಳ್ತಾಳೆ?" ಎಂದು ಪ್ರೊಫೆಸರರ ಮುಖಕ್ಕೇ ಕೇಳಿದರು. "ಇವಳ ಖರ್ಚು ಹಾಕ್ತಿರೋನು ನಾನು, ಕೇಳೋನೂ ನಾನೇ."

ಅವಳು ಯಾರದೋ ಖರ್ಚಿನಲ್ಲಿ ಓದುತ್ತಿದ್ದಾಳೆಂದು ಜೊತೆಯವರಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಹುಡುಗಿ ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಮೆಲ್ಲಗೆ ಇಟ್ಟು ಹೊರಗೆ ಹೋದಳು. ಮತ್ತೆ ತರಗತಿಗೂ ಬರಲಿಲ್ಲ, ಅಂಗಡಿಗೂ ಬರಲಿಲ್ಲ. ಕೊನೆಯ ಪರೀಕ್ಷೆ ಬಾಗಿಲಲ್ಲಿತ್ತು.

"ಹೋಗಿ ಮಾತಾಡಿ ಬನ್ನಿ," ಅಂದಳು ಹೆಂಡತಿ. "ಇದೂ ಅರ್ಧಕ್ಕೇ ನಿಂತ್ರೆ ನಾನು ತಡ್ಕೊಳಲ್ಲ."

ಹುಡುಗಿಯರ ಹಾಸ್ಟೆಲಿನ ಗೇಟಿನಲ್ಲಿ ಕಾವಲುಗಾರ ತಡೆದ. "ಇಲ್ಲಿಂದ ಒಳಗೆ ಗಂಡಸು ಅಂದ್ರೆ ನಾನೊಬ್ಬನೇ ಮಾಸ್ಟ್ರೇ. ನನ್ನನ್ನೂ ಯಾರೂ ಲೆಕ್ಕಕ್ಕೆ ತಗೊಂಡಿಲ್ಲ."

ಹುಡುಗಿ ಗೇಟಿನ ಆಚೆ ಬಂದು ನಿಂತಳು. ಅವಳ ಹಿಂದೆ ಜಗಲಿಯ ಮೇಲೆ ಹಾಸಿಗೆ ಸುತ್ತಿಟ್ಟಿತ್ತು.

"ಊಟ ಆಯ್ತಾ?"

"ಆಯ್ತು."

"ಕ್ಲಾಸಿಗೆ ಯಾಕೆ ಹೋಗ್ತಿಲ್ಲ? ನಮ್ಮ ಪುಟ್ಟಿ ಆಗಿದ್ರೆ..."

"ನಾನು ನಿಮ್ಮ ಪುಟ್ಟಿ ಅಲ್ಲ ಮಾಸ್ಟ್ರೇ. ಅವರಷ್ಟು ಜಾಣೆ ಅಲ್ಲ. ಜೀವ ತೇಯ್ದು ಓದಿದ್ರೆ ಪಾಸಾಗ್ತೀನಿ, ಅಷ್ಟೇ." ಅವಳ ದನಿ ಏರಲಿಲ್ಲ. "ನೀವು ಓದಿಸ್ತಿರೋದು ನನ್ನನ್ನಾ, ಅವರನ್ನಾ?"

ಬೈಗುಳ ಮಾಸ್ಟ್ರ ನಾಲಿಗೆಯ ತುದಿಗೆ ಬಂದು ಅಲ್ಲೇ ಕರಗಿತು. ಗೇಟಿನ ಸರಳು ಹಿಡಿದುಕೊಂಡರು.

"ಅವಳನ್ನೇ," ಅಂದರು. "ಇಷ್ಟು ದಿನ ಅವಳನ್ನೇ ಓದಿಸ್ತಿದ್ದೆ ಕಣಮ್ಮ."

ಕಾವಲುಗಾರ ಮುಖ ಆಚೆ ತಿರುಗಿಸಿದ.

"ಇನ್ನು ನಿನ್ನನ್ನ ಓದಿಸ್ತೀನಿ. ಪಾಸಾದ್ರೆ ಸಾಕು. ಆಗದಿದ್ರೆ ಮತ್ತೆ ಬರಿ. ಆ ಕಡೆ ನಾನು ತಲೆ ಹಾಕಲ್ಲ."

"ಪ್ರೊಫೆಸರ್ ಮುಂದೆ ನಾನು ಹೇಗೆ ನಿಲ್ಲಲಿ?"

"ಮೊದಲು ನಾನು ನಿಲ್ತೀನಿ. ತಪ್ಪಾಯ್ತು ಅನ್ನೋಕೆ ಬಾಯಿ ಬರಲ್ಲ. ಆದ್ರೂ ಹೇಳ್ತೀನಿ."

ಹೇಳಿದರು, ಅದೇ ಪ್ರಯೋಗಾಲಯದಲ್ಲಿ, ಅದೇ ಮಕ್ಕಳೆಲ್ಲ ನೋಡುತ್ತಿರುವಾಗ. ಹುಡುಗಿ ಪರೀಕ್ಷೆ ಬರೆದಳು. ಮೊದಲಿನವಳೂ ಆಗಲಿಲ್ಲ, ಕೊನೆಯವಳೂ ಆಗಲಿಲ್ಲ. ಪಾಸಾದಳು.

ಘಟಿಕೋತ್ಸವದ ಹಿಂದಿನ ದಿನ ಮಾಸ್ಟ್ರು ಕಿಟಕಿ ಪಕ್ಕದ ಗೌನನ್ನು ತಾವೇ ಇಳಿಸಿ ಹುಡುಗಿಯ ಹೆಗಲಿಗೆ ಹಾಕಿದರು. ಅಂಚು ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಬಂದು ನಿಂತುಬಿಟ್ಟಿತು.

"ಇದು ಹೇಗೆ? ಅವಳೂ ಇಷ್ಟೇ ಎತ್ತರ ಅಲ್ವಾ?"

"ಅಲ್ಲಾರೀ," ಅಂದಳು ಹೆಂಡತಿ. "ನಮ್ಮವಳು ಗಿಡ್ಡಿ. ನಿಮ್ಮ ಹೆಗಲಿಗೂ ಬರ್ತಿರಲಿಲ್ಲ."

ಕಣ್ಣಲ್ಲೇ ಇದೆ ಎಂದಿದ್ದ ಅಳತೆ ಯಾವಾಗ ಜಾರಿ ಹೋಗಿತ್ತೋ ಮಾಸ್ಟ್ರಿಗೇ ತಿಳಿದಿರಲಿಲ್ಲ. ಎಲ್ಲರಿಗೂ ಹಿಡಿಯುವ ಟೇಪನ್ನು ಮಗಳೊಬ್ಬಳಿಗೆ ಹಿಡಿದಿರಲಿಲ್ಲ. ಈಗ ಹಿಡಿಯಲು ಯಾರೂ ಇರಲಿಲ್ಲ.

ಕೊರಳಿನ ಟೇಪು ತೆಗೆದು ಹುಡುಗಿಯ ಅಳತೆ ತೆಗೆದರು. ನೆಲಕ್ಕೆ ಮಂಡಿಯೂರಿ ಅಂಚಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ಒಳಗೆ ಮಡಚಿದ್ದ ಬಟ್ಟೆ ಜಾರಿ ಕೆಳಗಿಳಿಯಿತು. ಕಿಟಕಿಯ ಬಿಸಿಲಿಗೆ ಗೌನೆಲ್ಲ ಮಾಸಿ ಬೂದಿಬಣ್ಣವಾಗಿತ್ತು. ಆ ಪಟ್ಟಿ ಮಾತ್ರ ಕೊಂಡು ತಂದ ದಿನದ ಹಾಗೆ ಕಡುಗಪ್ಪಾಗಿತ್ತು.

"ಬಣ್ಣ ಹಾಕಿಸಿ ಒಂದೇ ಥರ ಮಾಡಿಸ್ತೀನಿ," ಅಂದರು ಮಾಸ್ಟ್ರು, ತಲೆಯೆತ್ತದೆ.

"ಬೇಡ ಮಾಸ್ಟ್ರೇ. ಹೀಗೇ ಇರ್ಲಿ."

ಸೂಜಿಯ ಕಣ್ಣು ಅವರಿಗೆ ಕಾಣಲಿಲ್ಲ. ಹೆಂಡತಿ ದಾರ ಪೋಣಿಸಿ ಕೊಟ್ಟಳು. ಹೊಸ ಅಂಚು ಹೊಲಿಯುವಾಗ ಮಾಸ್ಟ್ರು ಒಳಗೆ ಏನೂ ಬಿಡಲಿಲ್ಲ.