ಬಾಳೆಹಣ್ಣಿನ ವೈರಿ ಮಹಾನಂದಾ ವೈನಿ

ಯಾರ ಮನೆಗೆ ಹೋದರೂ ಮಹಾನಂದಾ ವೈನಿ ಮೊದಲು ವಿಚಾರಿಸುತ್ತಿದ್ದುದು ಮನುಷ್ಯರನ್ನಲ್ಲ, ಹೂದಾನಿಯನ್ನು. ಚಪ್ಪಲಿ ಬಿಟ್ಟವರೇ ಅದರೊಳಗೆ ಬೆರಳಾಡಿಸಿ, ನೀರು ಲೋಳೆಯಾಗಿದ್ದರೆ ಮುಖ ಸಿಂಡರಿಸಿ, ಹೂವನ್ನೆಲ್ಲ ಎತ್ತಿಕೊಂಡು ಅಡುಗೆಮನೆಗೆ ನುಗ್ಗುತ್ತಿದ್ದರು. ನಾಸಿಕದ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆಯವರು, ಎಲ್ಲರಿಗೂ ವೈನಿ, ಅಂದರೆ ಅತ್ತಿಗೆ; ಮೂಲ ಭಾಲ್ಕಿ ಕಡೆ. ಮನ್ಮಾಡಿನ ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಕಾಲು ಒಂದು ಕಡೆ ನಿಲ್ಲದು. ಚಹಾ ಕೂಡ ನಿಂತೇ ಕುಡಿಯುವರು.

"ದಂಟು ನೀರಾಗ ಮುಳಿಗಿಸಿ ಓರೆ ಕತ್ತರಸವಾ. ಹೊರಗ ಕತ್ತರಿಸಿದ್ರ ಅದರ ಬಾಯಾಗ ಗಾಳಿ ಹೊಗತದ, ಮುಂದ ನೀರು ಕುಡಿಯಂಗಿಲ್ಲ. ಎಲಿ ನೀರಿಗಿ ತಾಗಿಸಬ್ಯಾಡ, ಕೊಳಿತಾವ!"

ಬಾಳೆಹಣ್ಣಿನ ಮೇಲಂತೂ ಹಗೆ. ಹಣ್ಣಾಗುತ್ತಿರುವ ಗೊನೆಯ ಪಕ್ಕ ಇಟ್ಟರೆ ಹೂವಿಗೂ ಮುಪ್ಪು ಬರುತ್ತದೆಂದು, ನನ್ನನ್ನು ಕೇಳದೆಯೇ ನಮ್ಮ ಹಣ್ಣನ್ನು ವಾಷಿಂಗ್ ಮಷೀನಿನ ಮೇಲೆ ಒಯ್ದು ಇಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವರು ಬಾರದ ದಿನ ಮನೆ ಬಿಕೋ ಎನ್ನುತ್ತಿತ್ತು.

ಸಂಭಾಜಿನಗರದಲ್ಲಿ, ಅಂದರೆ ಹಳೆಯ ಔರಂಗಾಬಾದಿನಲ್ಲಿ, ಅವರಿಗೊಬ್ಬಳು ಅಕ್ಕ ಇದ್ದಳು. ಅವ್ವನ ಮಣ್ಣಿಗೆ ವೈನಿ ಹೊತ್ತಿಗೆ ಮುಟ್ಟಲಿಲ್ಲ. "ಅವ್ವನ ಮೈಮ್ಯಾಲಿನ ಹೂವು ಬಾಡಿದ ಮ್ಯಾಲೆ ಬಂದಿ," ಎಂದು ಅಕ್ಕ ಅಂದದ್ದೇ ಕೊನೆ, ಆಮೇಲೆ ವರ್ಷಾನುಗಟ್ಟಲೆ ಮಾತಿಲ್ಲ. ಅಂಥ ಅಕ್ಕ ಕಳೆದ ಚಳಿಗಾಲದಲ್ಲಿ ತಾನಾಗಿ ಫೋನು ಮಾಡಿ, "ಮೊಮ್ಮಗಳ ತೊಟ್ಟಿಲ ಅದ. ಬರೋದಿದ್ರ ಬಾ," ಎಂದಳು.

ವೈನಿಗೆ ನಿದ್ದೆ ಹಾರಿಹೋಯಿತು. ದಿಂಡೋರಿಯ ಹೂ ಬೆಳೆಯುವ ಪಾಲಿಹೌಸಿನಿಂದ ಗುಲಾಬಿ ಬಣ್ಣದ ಕಾರ್ನೇಷನ್ ಹೂವು ತರಿಸಿ, ಬಚ್ಚಲಿನ ತಂಪಿನಲ್ಲಿ ಬಕೆಟಿನಲ್ಲಿಟ್ಟು, ಗಳಿಗೆಗೊಮ್ಮೆ ಹೋಗಿ ನೋಡುವರು. "ಬಾಡಿದ ಹೂವು ಹಿಡಕೊಂಡು ಆಕಿ ಬಾಗಲಿಗಿ ಹ್ಯಾಂಗ ಹೋಗ್ಲವಾ? ಈ ಸಲ ಒಂದು ಪಕಳಿ ಸುದ್ದಾ ಬಾಡಬಾರದು." ಜೊತೆಗೆ ನನ್ನನ್ನೂ ಹೊರಡಿಸಿದರು. ಬಸ್ಸಿನಲ್ಲಿ ತೊಡೆಯ ಮೇಲಿನ ಹೂವಿನ ಡಬ್ಬಿಯನ್ನು ಕಂಡಕ್ಟರಿಗೂ ಮುಟ್ಟಗೊಡಲಿಲ್ಲ.

ಅಕ್ಕನ ಅಂಗಳದಲ್ಲೇ ಮುಚ್ಚಳ ತೆಗೆದರು. ಹೂವೆಲ್ಲ ಮುದುಡಿ ಕೂತಿದ್ದವು. ಕೆಳಗೆ, ಒದ್ದೆ ಬಟ್ಟೆಯ ಅಡಿಯಲ್ಲಿ, ಬಾಣಂತಿಯ ಉಡಿ ತುಂಬಲು ತಂದ ಬಾಳೆಹಣ್ಣು! ಹಿಂದಿನ ಸಂಜೆ ಗಡಿಬಿಡಿಯಲ್ಲಿ ಕಾಯಿ, ಕುಪ್ಪಸ, ಹಣ್ಣು ಎಲ್ಲವನ್ನೂ ತಮ್ಮ ಕೈಯಾರೆ ಅದೇ ಡಬ್ಬಿಗೆ ತುಂಬಿದ್ದರು. ವೈನಿಯ ಮುಖ ನೋಡಲಾಗಲಿಲ್ಲ. ಹಿಂದಕ್ಕೆ ತಿರುಗಿ ನಡೆದೇ ಬಿಡುತ್ತಿದ್ದರೇನೋ, ಅಕ್ಕ ಸೆರಗು ಹಿಡಿದಳು.

"ಎಲ್ಲಿಗಿ ಹೊಂಟಿ? ಹೂವು ಬಾಡಿದ್ರ ಬಾಡ್ಲಿ. ಹೊತ್ತಿಗಿ ಬಂದೀಯಲ್ಲ."

ಬಾಡಿದ ಆ ಹೂವುಗಳನ್ನೇ ಅಕ್ಕ ತೊಟ್ಟಿಲಿಗೆ ಕಟ್ಟಿಸಿದಳು. ನೆರೆದ ಹೆಂಗಸರು ಮುಸಿಮುಸಿ ನಕ್ಕರೂ ಕೇರ್ ಮಾಡಲಿಲ್ಲ. ಅಕ್ಕ ತಂಗಿ ಇಬ್ಬರೂ ಸಿಟ್ಟಿನಲ್ಲೇ ಅತ್ತರು, ನಾನೂ ಅತ್ತೆ.

ಸಂಜೆ ನಾನು ಅವಸರ ಮಾಡಿದೆ. "ವೈನಿ, ನಡೀರಿ, ಬಸ್ ಹೋಗತದ." ಅವರು ಅಕ್ಕನ ಮುಖ ನೋಡಿದರು. "ನೀ ಮುಂದ ನಡಿಯವಾ. ನಾ ಒಂದೆರಡು ದಿನ ಇದ್ದು ಬರತೀನಿ."

ಒಂದೆರಡು ದಿನ ಎಂದದ್ದು ತಿಂಗಳಾಯಿತು. ಕೊನೆಗೆ ವೈನಿಯ ಮನೆಯ ಸಾಮಾನು ಒಯ್ಯಲು ಅಕ್ಕನ ಅಳಿಯ ಟೆಂಪೋ ತಂದ, ವೈನಿ ಬರಲಿಲ್ಲ. ಅವರಿಗೆ ಅಕ್ಕ ಸಿಕ್ಕಳಲ್ಲ ಎಂದು ನನಗೆ ಸಂತೋಷವೇ, ಜೊತೆಗೆ ಹೊಟ್ಟೆಕಿಚ್ಚೂ ಇದೆ. ಈಗಲೂ ಎದುರು ಬಾಗಿಲು ಸದ್ದಾದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತೇನೆ. ಹೊಸ ಬಾಡಿಗೆಯವರು ಬೀಗ ಹಾಕುತ್ತಿರುತ್ತಾರೆ.