ಸೀಟಿ ಊದಿದರೆ ಬಾರದ ನಗು

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ನಿಲ್ಲುವುದು, ಬೀದಿಯಲ್ಲಿ ಮೊದಲು ಕಣ್ಣಿಗೆ ಬಿದ್ದವರಿಗೆ ಒಂದು ಅಡ್ಡಹೆಸರಿಡುವುದು, ಆಮೇಲೆ ಕಣ್ಣು ಮುಚ್ಚಿ ಅದಕ್ಕಾಗಿ ದೇವರಲ್ಲಿ ಕ್ಷಮೆ ಕೇಳುವುದು. ಗಂಟುಮೋರೆ ಅತ್ತೆ ಜ್ವರ ಬಂದಾಗಲೂ ಇದನ್ನು ಬಿಟ್ಟವಳಲ್ಲ. ಹಾಲು ಹಾಕುವವನು ಒದ್ದೆ ಕಾಗೆ. ಎದುರುಮನೆಯ ಮೇಷ್ಟ್ರು ಅಜೀರ್ಣವಾದ ಕೊಕ್ಕರೆ. ದೇವರು ಕ್ಷಮಿಸುತ್ತಿದ್ದನೋ ಇಲ್ಲವೋ, ಮರುದಿನ ತಪ್ಪದೆ ಮತ್ತೊಬ್ಬರನ್ನು ಕಳಿಸಿಕೊಡುತ್ತಿದ್ದ.

ಅವಳನ್ನು ಎಲ್ಲರೂ ಅತ್ತೆ ಎನ್ನುತ್ತಿದ್ದುದು ಸೊಸೆಯಿಂದಾಗಿ. ಇಬ್ಬರೂ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದರು. ಅತ್ತೆ ಅಲ್ಲಿ ಹಳಬಳು. ಸೊಸೆ ಮದುವೆಯಾದ ಮೇಲೆ ಸೇರಿದವಳು. ಮಗ ಲಾರಿ ಓಡಿಸಿಕೊಂಡು ದೂರದೂರಿಗೆ ಹೋಗುತ್ತಿದ್ದುದರಿಂದ ಮನೆಯಲ್ಲಿ ಉಳಿಯುತ್ತಿದ್ದವರು ಇವರಿಬ್ಬರೇ, ಹಾವು ಮುಂಗುಸಿಯ ಹಾಗೆ. ಸೊಸೆ ತೊಳೆದ ಪಾತ್ರೆಯನ್ನು ಅತ್ತೆ ಅವಳೆದುರಿಗೇ ಮತ್ತೊಮ್ಮೆ ತೊಳೆಯುತ್ತಿದ್ದಳು. ಅತ್ತೆ ಮಾಡಿದ ಸಾರಿಗೆ ಸೊಸೆ, ರುಚಿ ನೋಡುವ ಮೊದಲೇ, ಉಪ್ಪು ಹಾಕಿಕೊಳ್ಳುತ್ತಿದ್ದಳು.

ಇಂಥವರಿಬ್ಬರನ್ನು ಬೆಡ್‌ಶೀಟ್ ಮಡಿಸುವ ಮೇಜಿಗೆ ಜೋಡಿ ಹಾಕಿದ್ದರು. ಆ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಎದುರುಬದುರು ನಿಂತು ಎರಡೆರಡು ತುದಿ ಹಿಡಿದು ಜಾಡಿಸಬೇಕು, ಒಂದೇ ಹದದಲ್ಲಿ ಎಳೆಯಬೇಕು, ಆಮೇಲೆ ಒಬ್ಬಳು ನಡೆದು ಬಂದು ತನ್ನ ತುದಿಗಳನ್ನು ಇನ್ನೊಬ್ಬಳ ಕೈಗೆ ಕೊಡಬೇಕು. ಒಂದು ಕೈ ಮುಂದಾದರೂ ಮಡಿಕೆ ಸೊಟ್ಟ. ಇವರದೋ, ಎತ್ತು ಏರಿಗೆ, ಕೋಣ ನೀರಿಗೆ.

“ಎಳೀಬೇಡ ಅಂದ್ನಲ್ಲೇ!”

“ನಾನೆಲ್ಲಿ ಎಳ್ದೆ? ನೀವೇ ಬಾವಿಯಿಂದ ಕೊಡ ಸೇದೋ ಹಾಗೆ ಸೇದ್ತಿದ್ದೀರ.”

“ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ.”

“ನೆಲಾನೂ ಡೊಂಕೇ ಇದೆ ಅತ್ತೆ. ಬೇಕಾದ್ರೆ ಬಗ್ಗಿ ನೋಡಿ.”

ಸೊಟ್ಟ ಶೀಟುಗಳು ವಾಪಸ್ಸು ಬರುತ್ತಿದ್ದವು. ಮನೆಗೆ ಹೋದರೆ ಅದೇ ಜಗಳದ ಉಳಿದ ಭಾಗ. ಒಂದು ದಿನ ಸೊಸೆ ತನ್ನ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಳು. ಇನ್ನೊಂದು ಮಾತು ಕೇಳಿಬಂದರೆ ತವರಿಗೆ ಹೊರಟೆ, ಮತ್ತೆ ಬರುವವಳಲ್ಲ ಎಂದಳು. “ಹೋಗ್ಲಿ, ಪೀಡೆ ತೊಲಗ್ಲಿ” ಎಂದು ಅತ್ತೆ ಗೋಡೆಗೆ ಹೇಳಿದಳು. ದೇವರಿಗೆ ಮಾತ್ರ ಹಾಗೆ ಹೇಳಲಿಲ್ಲ. ಅವನು ನಡೆಸಿಕೊಟ್ಟುಬಿಟ್ಟರೆ ಏನು ಗತಿ?

ಆ ವಾರವೇ ಮ್ಯಾನೇಜರ್ ಮಡಿಸುವ ಮೇಜಿಗೆ ದಯಮಾಡಿಸಿದರು. ತಮ್ಮ ಕರ್ಚೀಫನ್ನೂ ಹೆಂಡತಿಯಿಂದ ಮಡಿಸಿಕೊಳ್ಳುವ ಮಹಾನುಭಾವರು ಅವರು. ಅತ್ತೆ ಅವರಿಗಿಟ್ಟ ಹೆಸರು ಜಂಬದ ಕೋಳಿ.

“ನೋಡೀಮ್ಮಾ, ಮಡಿಸೋದು ಅಂದ್ರೆ ಒಂದು ಶಾಸ್ತ್ರ” ಎಂದು ಶುರುಮಾಡಿದ ಅವರು, ಇಸ್ತ್ರಿ ಯಂತ್ರದ ಕಾದ ಉರುಳೆಯಿಂದ ಆಗತಾನೆ ಇಳಿದ ದಿಂಬಿನ ಕವರುಗಳ ರಾಶಿಗೆ ಒರಗಿಕೊಂಡು ಶಾಸ್ತ್ರವನ್ನು ಪೂರ್ತಿ ಹೇಳಿ ಮುಗಿಸಿದರು. ಉರುಳೆಯಿಂದ ಬಂದ ನೈಲಾನ್ ಮಿಶ್ರದ ಬಟ್ಟೆ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಅವರು ಎದ್ದು ಹೊರಟಾಗ ಪ್ಯಾಂಟಿನ ಹಿಂಭಾಗಕ್ಕೆ ಒಂದು ಕವರು ಅಂಟಿಕೊಂಡೇ ಹೊರಟಿತು. ಇಸ್ತ್ರಿಯವನು ನೋಡಿದ, ಹೇಳಲಿಲ್ಲ. ಸೋಪಿನ ತೊಟ್ಟಿಯವಳು ನೋಡಿದಳು, ದಾರಿ ಬಿಟ್ಟು ನಿಂತಳು. ಮ್ಯಾನೇಜರ್ ಎದೆ ಉಬ್ಬಿಸಿಕೊಂಡು ಅಂಗಳ ದಾಟಿ, ಡಾಕ್ಟರ ಜೊತೆ ಮಾತಾಡುತ್ತ ಆಸ್ಪತ್ರೆಯ ಮೆಟ್ಟಿಲು ಹತ್ತಿದರು.

“ಅತ್ತೆ,” ಎಂದಳು ಸೊಸೆ ಪಿಸುಮಾತಿನಲ್ಲಿ, “ಕೋಳಿ ಬಾಲ ಒಗೆದು ಹಾಕ್ಕೊಂಡಿದೆ.”

ಅತ್ತೆಯ ಗಂಟಲಿನಿಂದ ತುಕ್ಕು ಹಿಡಿದ ಗೇಟು ತೆರೆದಂಥ ಸದ್ದೊಂದು ಬಂತು. ಅದು ನಗು ಎಂದು ಗೊತ್ತಾಗುವುದಕ್ಕೆ ಸುತ್ತಲಿನವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಬ್ಬರಿಗೂ ನಿಲ್ಲಲಾಗಲಿಲ್ಲ. ಬೀಳದಿರಲೆಂದು ಕೈಯಲ್ಲಿದ್ದ ಶೀಟನ್ನೇ ಬಿಗಿಯಾಗಿ ಹಿಡಿದರು. ಒಬ್ಬಳು ಬಾಗಿದರೆ ಇನ್ನೊಬ್ಬಳೂ ಬಾಗಿದಳು, ಒಬ್ಬಳು ಉಸಿರೆಳೆದಾಗ ಇನ್ನೊಬ್ಬಳೂ ಎಳೆದಳು. ಕಣ್ಣೊರೆಸಿಕೊಂಡು ನೋಡಿದರೆ ಶೀಟು ಗೆರೆ ಹೊಡೆದ ಹಾಗೆ ನೇರವಾಗಿ ಮಡಿಚಿಕೊಂಡಿತ್ತು.

ಆಮೇಲೆ ಕೆಲಸ ನಡೆಯುವ ರೀತಿಯೇ ಬದಲಾಯಿತು. ಒಬ್ಬಳು “ಬಾಲ” ಎಂದರೆ ಸಾಕು, ನಾಲ್ಕು ಕೈಗಳೂ ಒಂದೇ ತಾಳಕ್ಕೆ ಬರುತ್ತಿದ್ದವು. ಇವರಿಗೆ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಉಕ್ಕಿತೆಂದು ಯಾರೂ ಕಣ್ಣೀರು ಹಾಕಬೇಕಾಗಿಲ್ಲ. ತಿರಸ್ಕಾರಕ್ಕೆ ತಕ್ಕ ಮೂರನೆಯವನೊಬ್ಬ ಸಿಕ್ಕಿದ್ದ, ಅಷ್ಟೆ. ಆದರೂ ಚೀಲದ ಬಟ್ಟೆಗಳು ಒಂದೊಂದಾಗಿ ಬೀರುವಿಗೆ ಹಿಂತಿರುಗಿದವು. ಅತ್ತೆ ಪಾತ್ರೆಯನ್ನು ಎರಡನೇ ಸಲ ತೊಳೆಯುವುದನ್ನು ಬಿಟ್ಟಳು; ಬರೀ ಮೂಸಿ ನೋಡುತ್ತಿದ್ದಳು.

ದಡ್ಡರಿಂದ ಆಗುವ ಕೆಡುಕು ಚಿಕ್ಕದು; ಅರ್ಧ ತಿಳಿದವರದು ದೊಡ್ಡದು. ಆ ಮೇಜಿನಲ್ಲಿ ನಗುತ್ತಾರೆ, ಶೀಟೂ ನೇರ ಬರುತ್ತದೆ ಎಂಬುದು ಮ್ಯಾನೇಜರ ಕಿವಿಗೆ ಬಿತ್ತು. ಯಾವುದಕ್ಕೆ ನಗುತ್ತಾರೆಂಬುದು ಬೀಳಲಿಲ್ಲ. ಮರುದಿನದಿಂದ ಕೆಲಸಕ್ಕೆ ಮೊದಲು ಎಲ್ಲರೂ ಸಾಲಾಗಿ ನಿಂತು, ಅವರು ಸೀಟಿ ಊದಿದಾಗ ನಗಬೇಕೆಂದು ಅಪ್ಪಣೆಯಾಯಿತು.

“ಹಾ ಹಾ ಹಾ! ಹೊಟ್ಟೆಯಿಂದ ಬರ್ಲಿ! ಇಸ್ತ್ರಿಯವರೇ, ಹಲ್ಲು ಕಾಣ್ಬೇಕು!”

ಇಸ್ತ್ರಿಯವನು ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ ಬಾಯಿ ತೆರೆದ. ನಗು ಅಂದರೆ ಹೆಪ್ಪಿನ ಮೊಸರು, ಎಲ್ಲ ಪಾತ್ರೆಗೂ ಒಂದೊಂದು ತೊಟ್ಟು ಬಿಟ್ಟರಾಯಿತು ಎಂದುಕೊಂಡಿದ್ದ ಮ್ಯಾನೇಜರ್, ಜೋಡಿಯನ್ನೂ ಒಡೆದರು. ಸೊಸೆಯನ್ನು ಸೋಪಿನ ತೊಟ್ಟಿಗೆ ಕಳಿಸಿ, ತೊಟ್ಟಿಯವಳನ್ನು ಅತ್ತೆಯ ಎದುರು ನಿಲ್ಲಿಸಿದರು. ಬೆಳಿಗ್ಗೆಯೇ ಲೆಕ್ಕದ ನಗು ನಕ್ಕು ದವಡೆ ನೋಯಿಸಿಕೊಂಡವರು ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಿದರು. ಶೀಟುಗಳು ಸೊಟ್ಟಗಾದವು. ಮನೆಯಲ್ಲಿ ಪಾತ್ರೆ ಎರಡೆರಡು ಸಲ ತೊಳೆಯಿಸಿಕೊಂಡಿತು. ಚೀಲ ಮತ್ತೆ ತುಂಬಿತು. ಒಂದು ಬೆಳಿಗ್ಗೆ ಸೊಸೆ ಅತ್ತೆಯ ಮುಖ ನೋಡದೆಯೇ ಹೇಳಿದಳು: “ಸಂಜೆ ಬಸ್ಸಿಗೆ ಹೊರಡ್ತೀನಿ.”

ಅಂದೇ ಮ್ಯಾನೇಜರ್ ಫ್ಯಾನಿನ ಕೆಳಗೆ ಕುರ್ಚಿಯೊಂದನ್ನು ಹಾಕಿಸಿ, ಎಲ್ಲರೆದುರು ಅತ್ತೆಯನ್ನು ಕರೆದರು.

“ಬನ್ನೀಮ್ಮಾ, ಕೂತ್ಕೊಳ್ಳಿ. ನೀವು ಬಾಯಿ ತೆರೆದ್ರೆ ಇವರಿಗೆಲ್ಲ ನಗು ಬರುತ್ತಂತೆ. ಬೆಳಿಗ್ಗೆ ಇವರನ್ನ ನಗಿಸೋದು, ಆಮೇಲೆ ಇಲ್ಲೇ ಕೂತು ಮೇಲ್ವಿಚಾರಣೆ. ಇನ್ಮೇಲೆ ನೀವು ನಿಲ್ಲೋ ಹಾಗೇ ಇಲ್ಲ. ನಿಮ್ಮ ಮಂಡಿನೋವು ನಂಗೆ ಗೊತ್ತಿಲ್ವಾ?”

ಅತ್ತೆ ಕುರ್ಚಿಯನ್ನು ನೋಡಿದಳು. ಮೆತ್ತೆ ಇತ್ತು. ಮಂಡಿಗಳು ಹೋಗು ಹೋಗು ಎಂದವು. ಸುಳ್ಳು ಹೇಳುವುದೇಕೆ, ಅವಳಿಗೂ ಆಸೆಯಾಯಿತು. ಅತ್ತ ಸೊಸೆ ಮೊಣಕೈವರೆಗೆ ನೊರೆಯಲ್ಲಿ ಕೈ ಇಟ್ಟುಕೊಂಡು ನಿಂತಿದ್ದಳು.

“ತಗೊಳ್ಳಿ ಅತ್ತೆ,” ಎಂದಳು ತಲೆಯೆತ್ತದೆ. “ನಿಂತು ಬೈದು ಸಾಕಾಗಿದೆ ನಿಮ್ಗೆ. ಇನ್ಮೇಲೆ ಕೂತು ಬೈಯಿರಿ.”

ಇಸ್ತ್ರಿಯವನು ಫಕ್ಕನೆ ನಕ್ಕು, ಕೆಮ್ಮಿದಂತೆ ನಟಿಸಿದ. ಅತ್ತೆಯ ತುಟಿಯ ಒಂದು ಮೂಲೆ ಅಲುಗಿತು. ಸೊಸೆ ಅದನ್ನು ನೋಡಿದಳು, ಕೆಳತುಟಿ ಕಚ್ಚಿದಳು.

“ಬೇಡ ಸಾರ್,” ಎಂದಳು ಅತ್ತೆ.

“ಯಾಕಮ್ಮಾ? ಬೇರೆಯವರಾಗಿದ್ರೆ ಕಾಲಿಗೆ ಬೀಳ್ತಿದ್ರು!”

“ಬೀಳೋರಿಗೇ ಕೊಡಿ. ಮಂಡಿ ನಂದು, ನೋವೂ ನಂದೇ. ನಂಗೆ ಶೀಟಿನ ಆ ಕಡೆ ತುದಿಗೆ ಈ ಸೋಮಾರಿ ಬೇಕು. ಬೇರೆ ಯಾರು ಹಿಡಿದ್ರೂ ಸೊಟ್ಟ ಬರುತ್ತೆ.” ಮತ್ತೆ ತೊಟ್ಟಿಯ ಕಡೆ ತಿರುಗಿ, “ಏನೇ ನೋಡ್ತಾ ನಿಂತೆ? ಕೈ ಒರೆಸ್ಕೊಂಡು ಬಾ” ಎಂದಳು.

ಸೊಸೆ ಕೈಯ ನೊರೆ ಕೊಡವಿ ಹೊರಟಳು.

“ಇನ್ನೊಂದ್ಸಲ ಯೋಚ್ನೆ ಮಾಡೀಮ್ಮಾ,” ಎಂದರು ಮ್ಯಾನೇಜರ್, ಮೆತ್ತೆಯನ್ನು ತಟ್ಟಿ ತೋರಿಸುತ್ತ.

“ಬೇಡ ಅಂದ್ನಲ್ಲ ಸಾರ್. ಕುರ್ಚಿ ಎತ್ತಿಸಿ. ಅವಳು ಬರೋ ದಾರಿಗೆ ಅಡ್ಡ ಇದೆ.”